ಕಿವಿಗೆ ಸಿಕ್ಕುವ ಕಡತ: ಪರದೆವಾಚಕ ಮತ್ತು ಕನ್ನಡದ ಓದು

‘ಕಡತ’ ಎಂಬ ಶಬ್ದವು ಇಂದು ಗಣಕಯಂತ್ರದ ಫೈಲ್ ಎಂಬುದಕ್ಕೆ ಪರ್ಯಾಯವಾಗಿ ಕನ್ನಡದಲ್ಲಿ ನೆಲೆಗೊಂಡಿದೆ. ಅದರ ಹಿಂದಿನ ಅರ್ಥ ಬೇರೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಹೊತ್ತಗೆಯನ್ನು ಕಡತವೆಂದು ಕರೆಯುತ್ತಿದ್ದರು. ಬಳಪದಿಂದ ಅದರ ಮೇಲೆ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು; ಬೇಡವಾದುದನ್ನು ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಇಂದಿಗೂ ಮುಖ್ಯ ಆಕರಗಳು. ಆ ಕಡತಕ್ಕೆ ತೂಕವಿತ್ತು, ಅಂಚಿತ್ತು, ಮಡಿಕೆಯಿತ್ತು. ಕಣ್ಣಿಲ್ಲದವರೂ ಅದನ್ನು ಮುಟ್ಟಿ, ಎತ್ತಿ, ಒಂದು ಗೂಡಿನಿಂದ ಮತ್ತೊಂದು ಗೂಡಿಗೆ ಸಾಗಿಸಬಹುದಾಗಿತ್ತು. ಗಣಕಯಂತ್ರದ ಕಡತಕ್ಕೆ ಇವಾವುವೂ ಇಲ್ಲ. ಅದಕ್ಕಿರುವುದು ಹೆಸರು ಮತ್ತು ನೆಲೆ, ಎರಡೇ.

ಕಣ್ಣುಳ್ಳವರು ಈ ಕೊರತೆಯನ್ನು ಗಮನಿಸುವುದಿಲ್ಲ. ಪರದೆಯ ಮೇಲಿನ ಚಿತ್ರಿಕೆಯೊಂದನ್ನು ಮೌಸಿನಿಂದ ಹಿಡಿದೆಳೆದು ಬೇರೊಂದು ಫೋಲ್ಡರಿನ ಮೇಲೆ ಬಿಟ್ಟರೆ ಅವರ ಕೆಲಸ ಮುಗಿಯುತ್ತದೆ. ಪರದೆಯನ್ನು ಕಾಣದ ವಿದ್ಯಾರ್ಥಿಗೆ ಅದೇ ಕೆಲಸ ಕಿವಿಯ ಮೂಲಕ ನಡೆಯಬೇಕು. ಅದು ನಡೆಯುತ್ತದೆ, ಹತ್ತು ಹನ್ನೆರಡು ಕೀಲಿಗಳ ಅಭ್ಯಾಸ ಸಾಕು. ಆದರೆ ಹಾಗೆ ಸಾಗಿಸಿ ತಂದ ಕಡತವು ತೆರೆದಾಗ ಕನ್ನಡದಲ್ಲಿ ಮಾತಾಡುವುದೇ, ಇಲ್ಲವೇ ಎಂಬುದು ಸಾಗಿಸಿದವರ ಕೈಯಲ್ಲಿಲ್ಲ. ಅದನ್ನು ಸಿದ್ಧಪಡಿಸಿದವರ ಕೈಯಲ್ಲಿದೆ. ಕನ್ನಡವನ್ನು ಐಚ್ಛಿಕವಾಗಿ ಓದುವವರು ತಮ್ಮ ಟಿಪ್ಪಣಿಗಳನ್ನು ದಿನವೂ ಪರಸ್ಪರ ಹಂಚಿಕೊಳ್ಳುವುದರಿಂದ ಈ ಎರಡು ವಿಚಾರಗಳನ್ನೂ ಜೊತೆಯಾಗಿ ಅರಿಯುವುದು ಅಗತ್ಯ.

ಪರದೆವಾಚಕದ ಸ್ವರೂಪ

ಪರದೆಯ ಮೇಲಿರುವ ಪಠ್ಯವನ್ನು ಧ್ವನಿಯಾಗಿ ಅಥವಾ ಬ್ರೈಲ್ ಚುಕ್ಕಿಗಳಾಗಿ ಒದಗಿಸುವ ತಂತ್ರಾಂಶವನ್ನು ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅದನ್ನು ಪರದೆವಾಚಕ ಎನ್ನಬಹುದು. 1989ರಲ್ಲಿ ಅಮೆರಿಕದ ಟೆಡ್ ಹೆಂಟರ್ ಅವರು ಡಾಸ್ ಕಾರ್ಯವ್ಯವಸ್ಥೆಗಾಗಿ ‘ಜಾಸ್’ ಎಂಬ ಪರದೆವಾಚಕವನ್ನು ಹೊರತಂದರು. ಅವರು ಮೋಟಾರ್‌ಸೈಕಲ್ ಪಂದ್ಯಗಳ ಸವಾರರಾಗಿದ್ದು, ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡವರು. ಜಾಸ್ ಸಮರ್ಥವಾದ ತಂತ್ರಾಂಶವಾದರೂ ಅದರ ಬೆಲೆ ಭಾರತದ ಸಾಮಾನ್ಯ ವಿದ್ಯಾರ್ಥಿಯ ಕೈಗೆ ಎಟುಕುವಂತಹುದಲ್ಲ. 2006ರಲ್ಲಿ ಆಸ್ಟ್ರೇಲಿಯದ ಅಂಧ ತಂತ್ರಜ್ಞ ಮೈಕೆಲ್ ಕರನ್ ಅವರು ‘ಎನ್‌ವಿಡಿಎ’ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದರು. ಅಂಧರೇ ಆದ ಜೇಮ್ಸ್ ಟೆ ಅವರು ಅವರೊಡನೆ ಕೂಡಿದರು. ವಿಂಡೋಸ್ ಗಣಕಯಂತ್ರಕ್ಕೆ ಇದು ಉಚಿತವಾಗಿ ದೊರೆಯುತ್ತದೆ. ಇದರೊಂದಿಗೆ ಬರುವ ‘ಇಸ್ಪೀಕ್’ ಎಂಬ ಧ್ವನಿಸಂಶ್ಲೇಷಕವು ಕನ್ನಡ, ತಮಿಳು, ತೆಲುಗು ಮೂರನ್ನೂ ಓದಬಲ್ಲದು. ಅದರ ಧ್ವನಿ ಯಾಂತ್ರಿಕವಾದುದು, ನಿಜ. ಷಟ್ಪದಿಯ ಲಯವಾಗಲಿ ರಗಳೆಯ ಓಟವಾಗಲಿ ಅದಕ್ಕೆ ತಿಳಿಯದು. ಗಮಕಿಯ ಸ್ಥಾನವನ್ನು ಅದು ತುಂಬಲಾರದು. ಆದರೆ ನಡುರಾತ್ರಿಯಲ್ಲಿಯೂ ಬೇಸರವಿಲ್ಲದೆ, ಕೇಳಿದ ಸಾಲನ್ನು ಕೇಳಿದಷ್ಟು ಸಲ ಓದುತ್ತದೆ.

ಪರದೆವಾಚಕವು ಪರದೆಯನ್ನು ‘ನೋಡುವುದಿಲ್ಲ’ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಅದು ಗಣಕದ ಕಾರ್ಯವ್ಯವಸ್ಥೆಯನ್ನು ಪ್ರಶ್ನಿಸುತ್ತದೆ: ಈಗ ಗಮನಕೇಂದ್ರದಲ್ಲಿರುವ ವಸ್ತು ಯಾವುದು, ಅದರ ಹೆಸರೇನು, ಅದು ಆಯ್ಕೆಯಾಗಿದೆಯೇ, ಪಟ್ಟಿಯಲ್ಲಿ ಎಷ್ಟನೆಯದು? ಬಂದ ಉತ್ತರವನ್ನು ಅದು ಉಚ್ಚರಿಸುತ್ತದೆ. ಉತ್ತರವು ಪಠ್ಯರೂಪದಲ್ಲಿ ಇಲ್ಲದಿದ್ದರೆ ಅದಕ್ಕೆ ಹೇಳಲು ಏನೂ ಇರುವುದಿಲ್ಲ.

ಗಡಿಯ ಊರಿನ ಮೂರು ಭಾಷೆಗಳು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಬೇಟರಾಯಸ್ವಾಮಿಯ ಗುಡಿಯಿರುವ ಈ ಊರು ಹಿಂದೆ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಡೆಂಕಣಿಕೋಟೆ, ತಳಿ, ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಒಂದೇ ಸಂತೆಯಲ್ಲಿ ಮೂರೂ ಕೇಳಿಬರುತ್ತವೆ. ಕನ್ನಡ ಮಾಧ್ಯಮದ ಶಾಲೆಗಳೂ ಈ ಸೀಮೆಯಲ್ಲಿವೆ. 2006ರ ತಮಿಳು ಕಲಿಕಾ ಕಾಯಿದೆಯ ಅನಂತರ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾದುದರಿಂದ ಇಲ್ಲಿನ ಕನ್ನಡ ವಿದ್ಯಾರ್ಥಿಯ ಓದು ಹಲವು ಲಿಪಿಗಳ ನಡುವೆ ಸಾಗುತ್ತದೆ.

ಇಂತಹ ಊರಿನಿಂದ ಬಂದು ಕನ್ನಡ ಐಚ್ಛಿಕವನ್ನು ಆರಿಸಿಕೊಂಡ ಅಂಧ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಗಣಕದಲ್ಲಿ ತಹಸೀಲ್ದಾರರ ಕಚೇರಿಯ ಪ್ರಮಾಣಪತ್ರ ತಮಿಳಿನಲ್ಲಿರುತ್ತದೆ, ವಿದ್ಯಾರ್ಥಿವೇತನದ ಅರ್ಜಿ ಇಂಗ್ಲಿಷಿನಲ್ಲಿರುತ್ತದೆ, ಪಾಠದ ಟಿಪ್ಪಣಿಗಳು ಕನ್ನಡದಲ್ಲಿರುತ್ತವೆ. ಹಳಗನ್ನಡ ಕಾವ್ಯದ ಮುದ್ರಿತ ಪುಸ್ತಕ ಗಡಿಯ ಊರಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಅದನ್ನು ಅವಳು ನೇರವಾಗಿ ಓದಲಾರಳು. ಆದುದರಿಂದ ಸಹಪಾಠಿಗಳು ಪೆನ್ ಡ್ರೈವಿನಲ್ಲಿ ಕೊಡುವ ಕಡತಗಳೇ ಅವಳ ಗ್ರಂಥಾಲಯ. ಆ ಗ್ರಂಥಾಲಯವನ್ನು ಅವಳು ತಾನೇ ಜೋಡಿಸಿಕೊಳ್ಳಬಲ್ಲಳಾದರೆ ಪರೀಕ್ಷೆಯ ಹಿಂದಿನ ರಾತ್ರಿ ಬೇಕಾದುದು ಬೇಕಾದಲ್ಲಿ ಸಿಗುತ್ತದೆ. ಇಲ್ಲವಾದರೆ ಪ್ರತಿಯೊಂದಕ್ಕೂ ಮತ್ತೊಬ್ಬರ ಕಣ್ಣಿಗಾಗಿ ಕಾಯಬೇಕು.

ಕಡತವನ್ನು ಸಾಗಿಸುವ ಕ್ರಮ

ಪೆನ್ ಡ್ರೈವಿನಲ್ಲಿರುವ ಮೂರು ಟಿಪ್ಪಣಿಗಳನ್ನು ಗಣಕದ ‘ಡಾಕ್ಯುಮೆಂಟ್ಸ್’ ಎಂಬಲ್ಲಿರುವ ‘ಹಳಗನ್ನಡ’ ಫೋಲ್ಡರಿಗೆ ತರಬೇಕಾಗಿದೆ ಎಂದಿಟ್ಟುಕೊಳ್ಳೋಣ. ವಿಂಡೋಸ್ ಕೀಲಿಯೊಡನೆ ‘ಇ’ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಟ್ಯಾಬ್ ಕೀಲಿಯು ಒಂದು ವಿಭಾಗದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಬಾಣದ ಕೀಲಿಗಳು ಒಂದೇ ವಿಭಾಗದೊಳಗೆ ನಡೆಸುತ್ತವೆ. ಈ ಭೇದವನ್ನು ಅರಿತರೆ ಅರ್ಧ ಕೆಲಸವಾದಂತೆ. ಪೆನ್ ಡ್ರೈವಿನ ಹೆಸರು ಕೇಳಿಬಂದಾಗ ಎಂಟರ್ ಒತ್ತಬೇಕು. ಒಳಗೆ ಹೋದ ಮೇಲೆ ಹೋಮ್ ಕೀಲಿ ಒತ್ತಿದರೆ ಪಟ್ಟಿಯ ಮೊದಲ ಹೆಸರಿನ ಮೇಲೆ ನಿಲ್ಲಬಹುದು. ಕೆಳಬಾಣವನ್ನು ಒತ್ತುತ್ತ ಹೋದಂತೆ ಪರದೆವಾಚಕವು ಒಂದೊಂದು ಹೆಸರನ್ನೂ, ಜೊತೆಗೆ ‘ಹನ್ನೆರಡರಲ್ಲಿ ಮೂರನೆಯದು’ ಎಂಬಂತೆ ಅದರ ಸ್ಥಾನವನ್ನೂ ಹೇಳುತ್ತದೆ. ಕಣ್ಣಿಗೆ ಇಡೀ ಪಟ್ಟಿ ಒಮ್ಮೆಗೇ ಕಾಣುತ್ತದೆ; ಕಿವಿಗೆ ಅದು ಒಂದಾದ ಮೇಲೊಂದರಂತೆ ಬರುತ್ತದೆ. ಆದುದರಿಂದ ಈ ಸ್ಥಾನಸೂಚನೆಯೇ ಪಟ್ಟಿಯ ಉದ್ದಗಲವನ್ನು ಮನಸ್ಸಿನಲ್ಲಿ ಕಟ್ಟಿಕೊಡುತ್ತದೆ.

ಬೇಕಾದ ಮೂರು ಕಡತಗಳು ಒಂದರ ಕೆಳಗೊಂದು ಇದ್ದರೆ ಮೊದಲನೆಯದರ ಮೇಲೆ ನಿಂತು, ಶಿಫ್ಟ್ ಹಿಡಿದು ಕೆಳಬಾಣವನ್ನು ಎರಡು ಬಾರಿ ಒತ್ತಿದರೆ ಸಾಕು. ಅವು ಬಿಡಿಬಿಡಿಯಾಗಿ ಚದುರಿದ್ದರೆ ಕಂಟ್ರೋಲ್ ಹಿಡಿದು ಬಾಣದಿಂದ ಸಾಗುತ್ತ, ಬೇಕಾದ ಹೆಸರು ಬಂದಾಗ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಬೇಕು. ಆಯ್ಕೆಯಾದುದನ್ನೂ ಆಗದುದನ್ನೂ ಪರದೆವಾಚಕ ಹೇಳುತ್ತದೆ. ಫೋಲ್ಡರಿನಲ್ಲಿರುವ ಎಲ್ಲವೂ ಬೇಕಾದರೆ ಕಂಟ್ರೋಲ್ ಮತ್ತು ‘ಎ’.

ಅನಂತರದ್ದು ಒಂದು ನಿರ್ಧಾರ. ಕಂಟ್ರೋಲ್ ಮತ್ತು ‘ಎಕ್ಸ್’ ಒತ್ತಿದರೆ ಕಡತವು ಇದ್ದಲ್ಲಿಂದ ಹೊರಡಲು ಸಿದ್ಧವಾಗುತ್ತದೆ. ಕಂಟ್ರೋಲ್ ಮತ್ತು ‘ಸಿ’ ಒತ್ತಿದರೆ ಅದರ ಪ್ರತಿ ಮಾತ್ರ ಹೊರಡುತ್ತದೆ. ತಲುಪಬೇಕಾದ ಫೋಲ್ಡರಿಗೆ ಹೋಗಿ ಕಂಟ್ರೋಲ್ ಮತ್ತು ‘ವಿ’ ಒತ್ತಿದಾಗ ಕಡತವು ಅಲ್ಲಿಗೆ ಸೇರುತ್ತದೆ. ಫೋಲ್ಡರಿನಿಂದ ಮೇಲಿನ ಹಂತಕ್ಕೆ ಬರಲು ಆಲ್ಟ್ ಮತ್ತು ಮೇಲ್ಬಾಣ. ಹೊಸ ಫೋಲ್ಡರ್ ಮಾಡಲು ಕಂಟ್ರೋಲ್, ಶಿಫ್ಟ್ ಮತ್ತು ‘ಎನ್’. ಹೆಸರು ಬದಲಿಸಲು ಎಫ್ 2. ತಾನು ಎಲ್ಲಿ ನಿಂತಿರುವೆನೆಂಬ ಸಂದೇಹ ಬಂದಾಗ ಎನ್‌ವಿಡಿಎ ಕೀಲಿಯಾದ ಇನ್ಸರ್ಟ್ ಹಿಡಿದು ‘ಟಿ’ ಒತ್ತಿದರೆ ಕಿಟಕಿಯ ಶೀರ್ಷಿಕೆ, ಎಂದರೆ ಫೋಲ್ಡರಿನ ಹೆಸರು, ಕೇಳಿಸುತ್ತದೆ. ಅಂಟಿಸುವ ಮೊದಲು ಈ ಪ್ರಶ್ನೆ ಕೇಳುವ ರೂಢಿ ಒಳ್ಳೆಯದು. ದೊಡ್ಡ ಕಡತ ಸಾಗುವಾಗ ಎನ್‌ವಿಡಿಎ ಕಿರುನಾದಗಳನ್ನು ಹೊರಡಿಸುತ್ತದೆ. ಕೆಲಸ ಮುಂದುವರಿದಂತೆ ಆ ನಾದದ ಸ್ಥಾಯಿ ಏರುತ್ತ ಹೋಗುತ್ತದೆ.

ಮೂರು ಎಚ್ಚರಿಕೆಗಳು

ಇಷ್ಟರಲ್ಲಿ ಮೂರು ಕಡೆ ಕಿವಿಗೆ ಮೋಸವಾಗುವ ಸಂಭವವಿದೆ. ಮೊದಲನೆಯದು ‘ಕತ್ತರಿಸಿದ’ ಕ್ಷಣ. ಕಂಟ್ರೋಲ್ ಮತ್ತು ‘ಎಕ್ಸ್’ ಒತ್ತಿದಾಗ ಪರದೆಯಲ್ಲಿ ಚಿತ್ರಿಕೆ ಮಸುಕಾಗುತ್ತದೆ. ಅದೇ ಕಣ್ಣಿಗೆ ಸಿಗುವ ಸೂಚನೆ. ಕೆಲವು ಪರದೆವಾಚಕಗಳು ಇದನ್ನು ಮಾತಿನಲ್ಲಿ ಹೇಳುತ್ತವೆ, ಕೆಲವು ಸುಮ್ಮನಿರುತ್ತವೆ. ಮೌನವನ್ನು ವಿಫಲತೆಯೆಂದು ತಿಳಿದು ಬೇರೆ ಕೀಲಿಗಳನ್ನು ಒತ್ತಿದರೆ ಗೊಂದಲವಾಗುತ್ತದೆ. ಅಂಟಿಸಿದ ಮೇಲೆ ಎರಡೂ ಫೋಲ್ಡರುಗಳಲ್ಲಿ ಹೆಸರನ್ನು ಹುಡುಕಿ ಖಚಿತಪಡಿಸಿಕೊಳ್ಳುವುದೇ ಸರಿಯಾದ ವಿಧಾನ. ತಪ್ಪು ನಡೆದಿದ್ದರೆ ಕಂಟ್ರೋಲ್ ಮತ್ತು ‘ಝಡ್’ ಒತ್ತಿ ಕೊನೆಯ ಕ್ರಿಯೆಯನ್ನು ಹಿಂದಕ್ಕೆ ಪಡೆಯಬಹುದು.

ಎರಡನೆಯದು ಪೆನ್ ಡ್ರೈವಿಗೆ ಸಂಬಂಧಿಸಿದುದು. ಒಂದೇ ಡಿಸ್ಕಿನೊಳಗೆ ಕಡತವನ್ನು ಸಾಗಿಸಿದಾಗ ಅದರ ಒಳಗಿನ ದತ್ತಾಂಶ ಅಲುಗುವುದಿಲ್ಲ. ಅದರ ವಿಳಾಸ ಮಾತ್ರ ಬದಲಾಗುತ್ತದೆ. ಒಂದು ಡಿಸ್ಕಿನಿಂದ ಮತ್ತೊಂದಕ್ಕೆ ಸಾಗಿಸುವಾಗ ಗಣಕವು ಮೊದಲು ಪ್ರತಿ ಮಾಡಿ, ಆಮೇಲೆ ಮೂಲವನ್ನು ಅಳಿಸುತ್ತದೆ. ನಡುವೆ ಪೆನ್ ಡ್ರೈವ್ ಕಿತ್ತುಬಂದರೆ ಕೆಲಸ ಅರೆಯಾಗುತ್ತದೆ. ಪೆನ್ ಡ್ರೈವಿನಿಂದ ಅಳಿಸಿದ ಕಡತ ಸಾಮಾನ್ಯವಾಗಿ ‘ರೀಸೈಕಲ್ ಬಿನ್’ ಎಂಬ ಬುಟ್ಟಿಗೂ ಹೋಗದೆ ನೇರವಾಗಿ ಇಲ್ಲವಾಗುತ್ತದೆ. ಆದುದರಿಂದ ಪೆನ್ ಡ್ರೈವಿನ ವಿಷಯದಲ್ಲಿ ‘ಎಕ್ಸ್’ ಬಿಟ್ಟು ‘ಸಿ’ಯನ್ನು ಬಳಸಿ, ಪ್ರತಿಯನ್ನು ತೆರೆದು ಕೇಳಿ, ಬಳಿಕ ಮೂಲವನ್ನು ಅಳಿಸುವುದು ಕ್ಷೇಮ. ಕೊನೆಗೆ ಪೆನ್ ಡ್ರೈವಿನ ಹೆಸರಿನ ಮೇಲೆ ನಿಂತು ಶಿಫ್ಟ್ ಮತ್ತು ಎಫ್ 10 ಒತ್ತಿ, ಬರುವ ಪಟ್ಟಿಯಲ್ಲಿ ‘ಎಜೆಕ್ಟ್’ ಆರಿಸಿಕೊಂಡು ಅದನ್ನು ಹೊರತೆಗೆಯಬೇಕು.

ಮೂರನೆಯದು ಕನ್ನಡ ವಿದ್ಯಾರ್ಥಿಗಳಿಗೆ ಬೇರೊಂದು ದಾರಿಯಿಂದ ಪರಿಚಿತವಾದುದು. ತಲುಪುವ ಫೋಲ್ಡರಿನಲ್ಲಿ ಅದೇ ಹೆಸರಿನ ಕಡತ ಮೊದಲೇ ಇದ್ದರೆ ಗಣಕವು ಪ್ರಶ್ನೆಯೊಂದನ್ನು ಮುಂದಿಡುತ್ತದೆ: ಹಳೆಯದರ ಜಾಗದಲ್ಲಿ ಹೊಸದನ್ನು ಇಡಬೇಕೇ, ಬಿಟ್ಟುಬಿಡಬೇಕೇ, ಎರಡನ್ನೂ ಹೋಲಿಸಬೇಕೇ? ಅವಸರದಲ್ಲಿ ಎಂಟರ್ ಒತ್ತಿದರೆ ಹಳೆಯದು ಅಳಿದುಹೋಗಬಹುದು. ಗ್ರಂಥಸಂಪಾದನೆಯಲ್ಲಿ ಒಂದು ಪ್ರತಿಯನ್ನು ಇನ್ನೊಂದು ಪ್ರತಿಯಿಂದ ಅಳಿಸಿಬಿಡುವುದನ್ನು ಯಾವ ಸಂಪಾದಕನೂ ಒಪ್ಪಲಾರ. ಪ್ರತಿಗಳಿಗೆ ಕ, ಖ, ಗ ಎಂದು ಸಂಕೇತವಿಟ್ಟು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುವುದು ಅಲ್ಲಿನ ಶಿಸ್ತು. ಗಣಕದಲ್ಲಿಯೂ ಅದೇ ಶಿಸ್ತು ಬೇಕು. ಸಂದೇಹವಿದ್ದಾಗ ಎಸ್ಕೇಪ್ ಒತ್ತಿ ಹಿಂದೆ ಸರಿದು, ಒಂದರ ಹೆಸರನ್ನು ಬದಲಿಸಿ, ಎರಡನ್ನೂ ಉಳಿಸಿಕೊಳ್ಳಬೇಕು.

ಹೆಸರಿನ ಮಹತ್ವ

ಕಿವಿಯಿಂದ ಓದುವವರಿಗೆ ಕಡತದ ಹೆಸರೇ ಅದರ ಮುಖ. ‘ಹೊಸ ದಾಖಲೆ 1’, ‘ಹೊಸ ದಾಖಲೆ 2’ ಎಂಬ ಹತ್ತು ಹೆಸರುಗಳು ಕಿವಿಗೆ ಬಿದ್ದರೆ ಹತ್ತನ್ನೂ ತೆರೆದು ಕೇಳದೆ ಗತಿಯಿಲ್ಲ. ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರಗಳ ಹೆಸರಂತೂ ದಿನಾಂಕ ಮತ್ತು ಅಂಕಿಗಳ ಸಾಲು ಮಾತ್ರ. ಬೇಗನೆ ಭೇದ ತಿಳಿಸುವ ಮಾತು ಹೆಸರಿನ ಆರಂಭದಲ್ಲಿಯೇ ಇರಬೇಕು. ‘ಕನ್ನಡ ಐಚ್ಛಿಕ ಟಿಪ್ಪಣಿ ಪಂಪಭಾರತ’ ಎನ್ನುವುದಕ್ಕಿಂತ ‘ಪಂಪಭಾರತ ಟಿಪ್ಪಣಿ’ ಎನ್ನುವುದು ಮೇಲು. ಮೊದಲಿನದರಲ್ಲಿ ಪ್ರತಿ ಕಡತಕ್ಕೂ ಮೂರು ಮಾತು ಕಾದು ನಾಲ್ಕನೆಯದನ್ನು ಕೇಳಬೇಕು; ಎರಡನೆಯದರಲ್ಲಿ ಮೊದಲ ಮಾತಿಗೇ ನಿರ್ಧರಿಸಿ ಮುಂದೆ ಹೋಗಬಹುದು.

ಪಟ್ಟಿಯಲ್ಲಿ ಮೊದಲ ಅಕ್ಷರವನ್ನು ಒತ್ತಿದರೆ ಆ ಅಕ್ಷರದಿಂದ ಆರಂಭವಾಗುವ ಹೆಸರಿಗೆ ನೇರವಾಗಿ ಹಾರಬಹುದು. ಕನ್ನಡ ಹೆಸರಿಗೆ ಹೀಗೆ ಹಾರಲು ಕೀಲಿಮಣೆಯು ಕನ್ನಡದಲ್ಲಿರಬೇಕು. ವಿಂಡೋಸ್ ಮತ್ತು ಸ್ಪೇಸ್ ಕೀಲಿಗಳು ಭಾಷೆಯನ್ನು ಬದಲಿಸುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವು ಇಲ್ಲಿ ತುಂಬ ಉಪಕಾರಿ. ‘ಕೆ’ ಕೀಲಿಗೆ ಕಕಾರ, ಶಿಫ್ಟ್ ಸೇರಿಸಿದರೆ ಖಕಾರ, ‘ಎಫ್’ ಕೀಲಿಗೆ ಒತ್ತಕ್ಷರವನ್ನು ಬೆಸೆಯುವ ಹಲಂತ ಎಂಬ ಕ್ರಮವನ್ನು ಕಣ್ಣಿನ ನೆರವಿಲ್ಲದೆ ನೆನಪಿನಲ್ಲಿಡಬಹುದು. ಕೀಲಿಮಣೆಯ ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲಿರುವ ಸಣ್ಣ ಉಬ್ಬುಗಳು ಬೆರಳಿಗೆ ನೆಲೆ ತೋರಿಸುತ್ತವೆ. ಇಷ್ಟು ಮಾಡಲು ಕಷ್ಟವಾದವರು ಹೆಸರಿನ ಮುಂದೆ 01, 02, 03 ಎಂದು ಅಂಕಿಯಿಟ್ಟರೆ, ಭಾಷೆ ಯಾವುದೇ ಇರಲಿ, ಕ್ರಮ ಕೆಡದೆ ಉಳಿಯುತ್ತದೆ.

ಮೂರು ಭಾಷೆಗಳ ಹೆಸರುಗಳಿರುವ ಫೋಲ್ಡರಿನಲ್ಲಿ ಮತ್ತೊಂದು ತೊಡಕಿದೆ. ಆಯ್ದುಕೊಂಡ ಧ್ವನಿಗೆ ಒಂದು ಲಿಪಿ ತಿಳಿಯದಿದ್ದರೆ ಅದು ಆ ಹೆಸರನ್ನು ಸರಿಯಾಗಿ ಓದದು. ಕೆಲವು ಧ್ವನಿಗಳು ಅದನ್ನು ಹೇಳದೆ ದಾಟಿಬಿಡುತ್ತವೆ. ತಮಿಳು, ಕನ್ನಡ, ಇಂಗ್ಲಿಷ್ ಕಡತಗಳಿಗೆ ಬೇರೆ ಬೇರೆ ಫೋಲ್ಡರುಗಳನ್ನು ಮಾಡಿಕೊಂಡು, ಪ್ರವೇಶಿಸುವ ಮುನ್ನ ತಕ್ಕ ಧ್ವನಿಯನ್ನು ಆರಿಸಿಕೊಳ್ಳುವುದು ಸರಳ ಪರಿಹಾರ. ‘ರಾಜ್‌ಕುಮಾರ್’ ಎಂಬಂತಹ ಹೆಸರಿನ ನಡುವೆ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಸಂಕೇತವೊಂದಿರುತ್ತದೆ ಎಂಬುದನ್ನೂ ನೆನಪಿಡಬೇಕು. ಅದಿರುವ ಹೆಸರೂ ಅದಿಲ್ಲದ ಹೆಸರೂ ಗಣಕಕ್ಕೆ ಎರಡು ಬೇರೆ ಹೆಸರುಗಳು. ಕಡತದ ಹೆಸರಿನಲ್ಲಿ ಅಂತಹ ರೂಪಗಳನ್ನು ತಪ್ಪಿಸಿದಷ್ಟೂ ಹುಡುಕಾಟ ಸುಲಭ.

‘ಕನ್ನಡ’ದ ನಡುವೆ ಪೌಂಡ್ ಚಿಹ್ನೆ

ಇಷ್ಟೆಲ್ಲ ಆಗಿ, ಕಡತವು ಸರಿಯಾದ ಫೋಲ್ಡರನ್ನು ಸೇರಿತು. ಎಂಟರ್ ಒತ್ತಿ ತೆರೆದದ್ದೂ ಆಯಿತು. ಆಗ ಕೇಳಿಬರುವುದು ಕನ್ನಡವಾಗಿರದೆ, ಅರ್ಥವಿಲ್ಲದ ರೋಮನ್ ಅಕ್ಷರಗಳ ಮಳೆಯಾಗಿರಬಹುದು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳ ಪಾಡು ಇದು. ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ಕಾಣುವುದು ‘ಕನ್ನಡ’. ಗಣಕದ ಒಳಗಿರುವುದು ಇಂಗ್ಲಿಷಿನ ‘ಪಿ’, ಮೇಲೆ ಗೆರೆಯುಳ್ಳ ‘ಎ’, ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದು ಸಕಾರ, ‘ಕ್ಯೂ’, ಕೊನೆಗೆ ಮತ್ತೊಮ್ಮೆ ‘ಎ’. ಪರದೆವಾಚಕವು ಒಳಗಿರುವುದನ್ನೇ ಓದುತ್ತದೆ. ನಾಡಿನ ಹೆಸರಿನ ನಡುವೆ ಪೌಂಡ್ ಚಿಹ್ನೆಯನ್ನು ಕೇಳಬೇಕಾದುದು ಅಂಧ ಓದುಗನ ಪಾಲಿಗೆ ವಿನೋದದ ಸಂಗತಿಯಲ್ಲ; ಪುಸ್ತಕ ಕೈಯಲ್ಲಿದ್ದೂ ಓದು ಇಲ್ಲವಾದ ಸ್ಥಿತಿ ಅದು.

ಕನ್ನಡ ವ್ಯಾಕರಣವನ್ನು ಓದುವವರಿಗೆ ಅಕ್ಷರದ ಎರಡು ರೂಪಗಳ ವಿಂಗಡಣೆ ಪರಿಚಿತ: ಕಿವಿಗೆ ಗೋಚರಿಸುವುದು ಶ್ರಾವಣ, ಕಣ್ಣಿಗೆ ಗೋಚರಿಸುವುದು ಚಾಕ್ಷುಷ. ಹಳೆಯ ಅಕ್ಷರವಿನ್ಯಾಸಗಳು ಚಾಕ್ಷುಷ ರೂಪವನ್ನು ಮಾತ್ರ ಕಾಪಾಡಿದವು. ಯೂನಿಕೋಡ್ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹಿಸುತ್ತದೆ. ‘ಧರ್ಮ’ ಎಂಬ ಪದವನ್ನೇ ನೋಡಬಹುದು. ಬರಹದಲ್ಲಿ ಅರ್ಕಾವೊತ್ತು ಮಕಾರದ ಬಲಕ್ಕೆ ಬರುತ್ತದೆ. ಹಳೆಯ ವಿನ್ಯಾಸವು ಧ, ಮ, ಅರ್ಕಾವೊತ್ತು ಎಂಬ ಆಕಾರಗಳ ಕ್ರಮವನ್ನೇ ಉಳಿಸುತ್ತದೆ. ಯೂನಿಕೋಡಿನಲ್ಲಿ ಅದು ಧ, ರ, ಹಲಂತ, ಮ ಎಂದು ನಾಲಿಗೆಯ ಕ್ರಮದಲ್ಲಿರುತ್ತದೆ. ‘ಸ್ತ್ರೀ’ ಎಂಬುದು ಬರಹದಲ್ಲಿ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ಧ್ವನಿಸಂಶ್ಲೇಷಕಕ್ಕೆ ಬೇಕಾದುದು ಈ ಕ್ರಮವೇ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರೆತಿತ್ತು. ಹಳಗನ್ನಡದ ಱ ಮತ್ತು ೞ ಎರಡೂ ಅದರಲ್ಲಿವೆ ಎಂಬುದು ಐಚ್ಛಿಕ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ.

ಈ ಸಮಸ್ಯೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತಮಿಳಿನಲ್ಲಿಯೂ ಬಾಮಿನಿ, ವಾನವಿಲ್ ಮುಂತಾದ ಹಳೆಯ ಅಕ್ಷರವಿನ್ಯಾಸಗಳಿದ್ದವು. 2010ರಲ್ಲಿ ತಮಿಳುನಾಡು ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು. ಡೆಂಕಣಿಕೋಟೆಯ ವಿದ್ಯಾರ್ಥಿನಿಗೆ ಹಳೆಯ ಕನ್ನಡ ಕಡತವೂ ಹಳೆಯ ತಮಿಳು ಕಡತವೂ ಒಂದೇ ಬಗೆಯ ಗದ್ದಲವಾಗಿ ಕೇಳಿಸಬಹುದು.

ಇದಕ್ಕೆ ಪರಿಹಾರವಿದೆ. ನುಡಿ ಮತ್ತು ಬರಹ ತಂತ್ರಾಂಶಗಳೊಡನೆ ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ದೊರೆಯುತ್ತವೆ. ಪರಿವರ್ತನೆಯಾದ ಮೇಲೆ ಕಣ್ಣುಳ್ಳ ಸಹಪಾಠಿಯೊಬ್ಬರು ಅದನ್ನು ಮೂಲದೊಡನೆ ಒಮ್ಮೆ ಹೋಲಿಸಬೇಕು. ಕನ್ನಡದ ನಡುವೆ ಇದ್ದ ಇಂಗ್ಲಿಷ್ ಮಾತುಗಳು ಪರಿವರ್ತಕದ ಕೈಗೆ ಸಿಕ್ಕು ಅರ್ಥವಿಲ್ಲದ ಕನ್ನಡವಾಗಿರಬಹುದು. ಅರ್ಕಾವೊತ್ತು, ಱ, ೞ ಇರುವ ಪದಗಳಲ್ಲಿ ವಿಶೇಷ ಎಚ್ಚರ ಬೇಕು. ಹಸ್ತಪ್ರತಿಯ ಲಿಪಿಕಾರದೋಷಗಳನ್ನು ಗುರುತಿಸಲು ಕಲಿಯುವ ವಿದ್ಯಾರ್ಥಿಗೆ ಯಂತ್ರದ ಲಿಪಿಕಾರದೋಷಗಳನ್ನು ತಿದ್ದುವುದು ಒಳ್ಳೆಯ ಅಭ್ಯಾಸಪಾಠವೂ ಆಗುತ್ತದೆ.

ಚಿತ್ರವಾಗಿ ಉಳಿದ ಪುಟಗಳು

ಗದ್ದಲಕ್ಕಿಂತ ಕಷ್ಟಕರವಾದುದು ಮೌನ. ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಪಿಡಿಎಫ್ ಮಾಡಿದರೆ ಅದರಲ್ಲಿ ಪಠ್ಯವಿರುವುದಿಲ್ಲ, ಪಠ್ಯದ ಚಿತ್ರವಿರುತ್ತದೆ. ಅಂತಹ ಕಡತವನ್ನು ಎಷ್ಟು ಸರಾಗವಾಗಿ ಸಾಗಿಸಿದರೂ ತೆರೆದಾಗ ಪರದೆವಾಚಕಕ್ಕೆ ಓದಲು ಏನೂ ಸಿಗದು. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಜ್ಞಾನ ಇದಕ್ಕೆ ಉತ್ತರ. ಮುಕ್ತ ತಂತ್ರಾಂಶವಾದ ‘ಟೆಸೆರಾಕ್ಟ್’ ಕನ್ನಡವನ್ನು ಗುರುತಿಸಬಲ್ಲದು. ಗೂಗಲ್ ಡ್ರೈವಿನಲ್ಲಿರಿಸಿದ ಚಿತ್ರವನ್ನು ಗೂಗಲ್ ಡಾಕ್ಸ್ ಮೂಲಕ ತೆರೆದರೂ ಪಠ್ಯ ದೊರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ನೇತೃತ್ವದಲ್ಲಿ ಕನ್ನಡ ಮತ್ತು ತಮಿಳಿಗೆ ಓಸಿಆರ್ ತಂತ್ರಾಂಶಗಳು ಸಿದ್ಧವಾಗಿವೆ. ಚಿತ್ರ ನೇರವಾಗಿಯೂ ಬೆಳಕು ಸಮನಾಗಿಯೂ ಇದ್ದಷ್ಟು ಫಲ ಶುದ್ಧವಾಗಿರುತ್ತದೆ.

ಪಠ್ಯಪುಸ್ತಕವನ್ನು ಹೀಗೆ ಮಾರ್ಪಡಿಸಿ ಕೊಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದೇ ಎಂಬ ಅಳುಕು ಹಲವರಿಗಿದೆ. 2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿ ಇದಕ್ಕೆ ಸ್ಪಷ್ಟ ವಿನಾಯಿತಿ ನೀಡಿದೆ. ಅಂಗವೈಕಲ್ಯವುಳ್ಳವರ ಸ್ವಂತ ಬಳಕೆ, ಶಿಕ್ಷಣ ಅಥವಾ ಸಂಶೋಧನೆಗಾಗಿ ಯಾವುದೇ ವ್ಯಕ್ತಿ ಕೃತಿಯನ್ನು ಅವರು ಓದಬಲ್ಲ ರೂಪಕ್ಕೆ ತಂದು ಅವರೊಡನೆ ಹಂಚಿಕೊಳ್ಳಬಹುದು. 2013ರ ಮರಾಕೇಶ್ ಒಪ್ಪಂದವು ಇದೇ ತತ್ತ್ವವನ್ನು ಅಂತರರಾಷ್ಟ್ರೀಯವಾಗಿ ಸ್ಥಾಪಿಸಿತು; 2014ರಲ್ಲಿ ಅದನ್ನು ಮೊದಲು ಅನುಮೋದಿಸಿದ ರಾಷ್ಟ್ರ ಭಾರತ. ಹಾಗೆ ಸಿದ್ಧವಾದ ಪುಸ್ತಕಗಳಿಗಾಗಿ 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲ ಗ್ರಂಥಾಲಯ ಆರಂಭವಾಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿರಿಸಿದೆ. ಕಾಯಿದೆ ಕಾಲೇಜಿನ ಬಾಗಿಲನ್ನು ತೆರೆಯುತ್ತದೆ. ಒಳಗೆ ಬಂದವರಿಗೆ ಓದಲು ಪಠ್ಯ ಸಿಗುವುದು ಪಕ್ಕದ ಬೆಂಚಿನವರ ರೂಢಿಗಳನ್ನು ಅವಲಂಬಿಸಿದೆ.

ತರಗತಿಯಲ್ಲಿ ಆಗಬೇಕಾದುದು

ಈ ರೂಢಿಗಳು ಹೆಚ್ಚಿನ ಶ್ರಮವನ್ನಾಗಲಿ ವೆಚ್ಚವನ್ನಾಗಲಿ ಬೇಡುವುದಿಲ್ಲ. ಟಿಪ್ಪಣಿಗಳನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡುವುದು, ಕಡತಕ್ಕೆ ವಿಷಯದಿಂದ ಆರಂಭವಾಗುವ ಚಿಕ್ಕ ಹೆಸರಿಡುವುದು, ಚಿತ್ರವನ್ನು ಕೊಡುವ ಬದಲು ಪಠ್ಯವನ್ನು ಕೊಡುವುದು, ತಿದ್ದಿದ ಪ್ರತಿಗೆ ಹಳೆಯ ಹೆಸರನ್ನೇ ಇಡದೆ ‘ಪರಿಷ್ಕೃತ’ ಎಂದು ಸೇರಿಸುವುದು: ಇವು ನಾಲ್ಕೇ ನಿಯಮಗಳು. ಇವು ಕಣ್ಣುಳ್ಳವರಿಗೂ ಲಾಭದಾಯಕ. ಯೂನಿಕೋಡಿನ ಕಡತದೊಳಗೆ ಬೇಕಾದ ಪದವನ್ನು ಹುಡುಕಬಹುದು. ಹಳೆಯ ವಿನ್ಯಾಸದ ಕಡತದಲ್ಲಿ ‘ಧರ್ಮ’ ಎಂದು ಯೂನಿಕೋಡಿನಲ್ಲಿ ಬೆರಳಚ್ಚಿಸಿ ಹುಡುಕಿದರೆ ಅದು ಸಿಗುವುದಿಲ್ಲ.

ವಿಭಾಗದ ಹಳೆಯ ಟಿಪ್ಪಣಿಗಳೂ ಕಿರುಪ್ರಬಂಧಗಳೂ ಯಾವ ರೂಪದಲ್ಲಿವೆ ಎಂಬುದನ್ನು ಪರೀಕ್ಷಿಸಲು ಒಂದು ಮಧ್ಯಾಹ್ನ ಸಾಕು. ಗಣಕದಲ್ಲಿ ಎನ್‌ವಿಡಿಎ ಅಳವಡಿಸಿ, ಪರದೆಯನ್ನು ಆರಿಸಿ, ಪೆನ್ ಡ್ರೈವಿನಿಂದ ಒಂದು ಕಡತವನ್ನು ‘ಹಳಗನ್ನಡ’ ಫೋಲ್ಡರಿಗೆ ತಂದು ತೆರೆದು ಕೇಳಿದರೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಎರಡು ಸಂಗತಿಗಳು ತಿಳಿಯುತ್ತವೆ: ಕಣ್ಣಿಲ್ಲದೆ ಕಡತವನ್ನು ಸಾಗಿಸುವುದು ಅಷ್ಟು ಕಠಿಣವಲ್ಲ, ತಾನು ಬರೆದ ಕನ್ನಡ ಕಿವಿಗೂ ಕನ್ನಡವಾಗಿಯೇ ತಲುಪುತ್ತಿದೆಯೇ ಎಂಬುದು ಪರೀಕ್ಷಿಸದೆ ತಿಳಿಯುವಂತಹುದಲ್ಲ.